ಭಾನುವಾರ ನಿಲ್ಲುವ ಗಾಳಿ

ಇವನೇ ಇರಬಹುದೇ? ಇವನಾಗಿರದಿರಲಿ, ದೇವರೇ...

ದೋಣಿಯ ಮುಂತುದಿಯಲ್ಲಿ ಕುಳಿತ ನಯೇಲಿಯ ಎದೆ ಎಂಜಿನ್ನಿಗಿಂತ ಜೋರಾಗಿ ಬಡಿಯುತ್ತಿತ್ತು. ಹಿಂದೆ ಚುಕ್ಕಾಣಿ ಹಿಡಿದಿದ್ದವನು ದೋಣಿಗಾರ ಎಲಾದಿಯೊ.

ಎದುರಿಗೆ, ವೆರಾಕ್ರೂಸ್ ದಡದಾಚೆಯ ಹವಳದ ದಿಬ್ಬದ ಮೇಲೆ, ಹಳೆಯ ದೀಪಸ್ತಂಭ. ಅದರ ದೀಪ ಆರಿ ವರ್ಷಗಳಾಗಿದ್ದವು. ಈಗ ನೆತ್ತಿಯ ಮೇಲೆ ಗಾಳಿ ಅಳೆಯುವ ಬಟ್ಟಲುಗಳು ತಿರುಗುತ್ತಿದ್ದವು. ಅವು ಜೋರಾಗಿ ತಿರುಗಿದರೆ ಬಂದರು ಮುಚ್ಚುತ್ತದೆ, ಮೀನುಗಾರರ ಗಳಿಕೆ ನಿಲ್ಲುತ್ತದೆ.

ಆದರೆ ಕೆಲವು ತಿಂಗಳಿಂದ ಪ್ರತಿ ಭಾನುವಾರ ಅವು ಸ್ವಲ್ಪ ಹೊತ್ತು ನಿಂತೇಬಿಡುತ್ತಿದ್ದವು, ಯಾರೋ ಕೈಯಿಟ್ಟು ತಡೆದಂತೆ. ಆ ಕೈ ಯಾರದೆಂದು, ಯಂತ್ರದ ಹೊಣೆ ಹೊತ್ತ ಅವಳು ಸಂಜೆಯೊಳಗೆ ಹವಾಮಾನ ಕಚೇರಿಗೆ ತಿಳಿಸಬೇಕಿತ್ತು. ಭಾನುವಾರ ಅಲ್ಲಿ ನಿಲ್ಲುವ ದೋಣಿ ಎಲಾದಿಯೊನದೇ ಎಂದು ಮೀನು ಮಾರುವ ಹೆಂಗಸರು ಹೇಳಿದ್ದರು.

ಹೆಸರು ಕೊಟ್ಟರೆ ಅವನ ಪರವಾನಗಿ ಹೋಗುತ್ತದೆ. ಕೊಡದಿದ್ದರೆ... ಉತ್ತರದ ಬಿರುಗಾಳಿ ಎದ್ದ ದಿನ ಸುಳ್ಳು ಅಳತೆ ನಂಬಿ ಹೊರಟವರ ಗತಿ?

ಪ್ರೀತಿಸಿದವನ ಹೆಸರನ್ನು ಮೊದಲ ಸಲ ಹೇಳುವುದು ಹೀಗೆಯೇ?

"ಇವತ್ತು ಮೇಲೆ ಹತ್ತಿ ನೋಡ್ತೀನಿ," ಎಂದಳು.

"ಬೇಡಿ ಇಂಜಿನಿಯರಮ್ಮ. ಯಂತ್ರ ಸರಿಯಾಗೇ ಇದೆ."

"ನಿನಗೆ ಹೇಗೆ ಗೊತ್ತು?"

ಅವನು ನೀರಿನತ್ತ ನೋಡುತ್ತಾ ದೋಣಿಯನ್ನು ಸ್ತಂಭದ ಬುಡಕ್ಕೆ ತಂದ. ಅವಳ ಕಣ್ಣು ತುಂಬಿತು.

ಅದೇ ತುಕ್ಕು ಹಿಡಿದ ಏಣಿ. ಮೊದಲ ಸಲ ಹತ್ತಿ ಇಳಿದಾಗ ನಡುಗುತ್ತಾ ಅವನ ಹಳದಿ ಅಂಗಿಯ ತೋಳನ್ನು ಹರಿಯುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆಮೇಲೆ ಯಂತ್ರ ಕೆಡಲೂ ಇಲ್ಲ, ಅವಳು ಹತ್ತಬೇಕಾಗಿಯೂ ಬರಲಿಲ್ಲ.

ತುದಿ ಮುಟ್ಟಿದವಳು ಸ್ತಬ್ಧಳಾದಳು.

ಬಟ್ಟಲುಗಳು ಫಳಫಳ ಹೊಳೆಯುತ್ತಿದ್ದವು. ಪಕ್ಕದ ಕಂಬಿಗೆ ಒರೆಸುವ ಬಟ್ಟೆಯೊಂದನ್ನು ಕಟ್ಟಲಾಗಿತ್ತು. ಉಪ್ಪಿಗೂ ಹಕ್ಕಿಯ ಹಿಕ್ಕೆಗೂ ಸೆಟೆದುಕೊಂಡಿದ್ದ... ಹಳದಿ ತೋಳು!

ಗಾಳಿಯನ್ನು ಅವನು ತಡೆದಿರಲಿಲ್ಲ. ಬಟ್ಟಲು ಹಿಡಿದು ಒರೆಸಿದ್ದ.

ಇಳಿದು ಬಂದಾಗ ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಯಾಕೋ ಹೇಳಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ರಿ. ಬಟ್ಟಲಿಗೆ ಉಪ್ಪು ಕಟ್ಕೊಂಡ್ರೆ ಮತ್ತೆ ನೀವೇ ಹತ್ತಬೇಕಿತ್ತು. ಆವತ್ತು ನಿಮ್ಮ ಕೈ ನಡುಗಿದ್ದು... ನನ್ನಿಂದ ಇನ್ನೊಂದ್ಸಲ ನೋಡೋಕಾಗ್ತಿರಲಿಲ್ಲ."

"ಸಂಜೆ ಕಚೇರಿಗೆ ನಿನ್ನ ಹೆಸರು ಹೇಳ್ತೀನಿ."

"ಪರವಾನಗಿ ಹೋಗುತ್ತೆ."

"ಯಂತ್ರ ಕಾಪಾಡಿದವನದ್ದು ಯಾಕೆ ಹೋಗುತ್ತೆ? ಬಟ್ಟೆ ಸಮೇತ ತೋರಿಸ್ತೀನಿ. ಯಾರವನು ಅಂತ ಕೇಳಿದ್ರೆ, ನನ್ನ ಹುಡುಗ ಅಂತೀನಿ."

ಎಲಾದಿಯೊನ ಕಿವಿ ಕೆಂಪಾಯಿತು.

"ಹಾಗಾದ್ರೆ... ಈ ಭಾನುವಾರ?"

"ಇಬ್ರೂ ಹತ್ತೋಣ. ಮುಂದೆ ನೀನು."

ಅವನು ಏಣಿಯನ್ನೊಮ್ಮೆ ನೋಡಿ ತಲೆಯಾಡಿಸಿದ.

ಎತ್ತರವೆಂದರೆ ತನಗೂ ಪ್ರಾಣಭಯ, ಪ್ರತಿ ಸಲ ಕಣ್ಣು ಮುಚ್ಚಿಕೊಂಡೇ ಹತ್ತಿದ್ದೆ ಎಂಬುದನ್ನು ಮಾತ್ರ ಅವನು ಅವಳಿಗೆ ಎಂದೂ ಹೇಳಲಿಲ್ಲ.