ಹೆಸರು ಹೇಳಿ, ಕರೆ ಮಾಡುತ್ತೇನೆ

ಹೊರಸಿನ ಮೇಲೆ ಕೈಯಾಡಿಸಿದ ವೀರಭದ್ರಮ್ಮನಿಗೆ ಸಿಕ್ಕಿದ್ದು ಬರೀ ಕೌದಿ. ಇನ್ನೊಮ್ಮೆ ತಡವಿದಳು. ದಿಂಬು ಇತ್ತು, ಕೌದಿ ಇತ್ತು, ಕೌದಿಯಲ್ಲಿ ಇನ್ನೂ ಆರದ ಮೈಬಿಸಿ ಇತ್ತು... ಗಂಡ ಇರಲಿಲ್ಲ. "ರೀ..." ಎಂದಳು. ಗೋಡೆ ಹಿಡಿದು ಬಾಗಿಲಿಗೆ ಬಂದರೆ ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ ಬಡಿಯಿತು. ಊಟವಾದ ಮೇಲೆ ಅಗುಳಿ ಹಾಕಿದ್ದು ತಾನೇ. ತಾನು ಕಣ್ಣು ಮುಚ್ಚಿದ ಹೊತ್ತು ನೋಡಿ ಆತ ತೆಗೆದು ಹೋಗಿದ್ದ.

ಸಕ್ಕರೆ ಕಾಯಿಲೆ ಆಕೆಯ ಕಣ್ಣು ತಿಂದು ಎರಡು ವರ್ಷವಾಗಿತ್ತು. ಬೆಳಕು ಎತ್ತ, ನೆರಳು ಎತ್ತ ಎಂಬುದಷ್ಟೇ ತಿಳಿಯುತ್ತಿತ್ತು. ಗಂಡ ದೊಡ್ಡಬಸಪ್ಪನಿಗೆ ಎಪ್ಪತ್ಮೂರರಲ್ಲೂ ಕಣ್ಣು ಚುರುಕು, ಕಾಲು ಗಟ್ಟಿ. ನೆನಪು ಮಾತ್ರ ದಿನಕ್ಕಿಷ್ಟು ಸೋರಿ ಹೋಗುತ್ತಿತ್ತು. ತಾನೇ ಕಟ್ಟಿಸಿದ ಮನೆಯಲ್ಲಿ ನಿಂತು "ಇದು ಯಾರ ಮನಿ?" ಎನ್ನುತ್ತಿದ್ದ. ಬಳಗಾನೂರಿನಿಂದ ದೂರ, ಹೊಲದೊಳಗಿನ ಒಂಟಿ ಮನೆ. ಕೂಗಿದರೆ ಓಗೊಡಲು ಒಂದು ನರಪಿಳ್ಳೆಯೂ ಇಲ್ಲ. ನಾಲ್ಕು ಹೊಲ ದಾಟಿದರೆ ಕಾಲುವೆ. ನೀರು ದಂಡೆ ಮುಟ್ಟಿ ಹರಿಯುತ್ತಿತ್ತು. ಹೋದ ವಾರ ಆತ ಅದೇ ಕಾಲುವೆಯ ಮೆಟ್ಟಿಲಿಳಿದು ಸೊಂಟದ ಮಟ ನೀರಿನಲ್ಲಿ ನಿಂತಿದ್ದಾಗ ಯಾರೋ ಕೂಲಿಯವರು ನೋಡಿ ಎಳೆದು ತಂದಿದ್ದರು. "ಈಜಾಕ ಹೊಂಟಿದ್ದೆ" ಅಂದಿದ್ದ, ಸಣ್ಣ ಹುಡುಗನ ಹಾಗೆ.

ಮರುದಿನವೇ ಸೊಸೆ ಅಶ್ವಿನಿ ಎರಡು ಫೋನು ತಂದಳು. ಒಂದನ್ನು ಮಾವನ ಅಂಗಿಯ ಒಳಜೇಬಿನಲ್ಲಿಟ್ಟು ಬಾಯಿ ಹೊಲಿದಳು. ಮನೆಯವರ ಕರೆ ಬಂದರೆ ಅದು ತಾನಾಗಿಯೇ ಎತ್ತಿಕೊಂಡು ಜೋರಾಗಿ ಮಾತು ಕೇಳಿಸುವಂಥ ಆ್ಯಪ್ ಹಾಕಿದಳು. ಆತ ಎಲ್ಲಿದ್ದಾನೆಂದು ತನ್ನ ಫೋನಿನ ನಕಾಶೆಯಲ್ಲಿ ಕಾಣುವ ಹಾಗೆಯೂ ಮಾಡಿಕೊಂಡಳು. ಇನ್ನೊಂದಕ್ಕೆ ದಾರ ಕಟ್ಟಿ ಅತ್ತೆಯ ಕೊರಳಿಗೆ ಹಾಕಿದಳು.

"ಅತ್ತಿ, ಬದೀಗಿನ ಈ ಗುಂಡಿ ಒತ್ತಿ ಹಿಡೀರಿ. ಒಬ್ಬಾಕಿ ಮಾತಾಡ್ತಾಳ. ಹೆಸರು ಹೇಳಿದ್ರ ಆಕಿನ ಫೋನ್ ಹಚ್ಚತಾಳ."

"ಮನ್ಯಾಗ ಇರೋ ಒಬ್ಬಾಕಿನಽ ಸಾಕಾಗ್ಯಾಳ. ಇನ್ನೊಬ್ಬಾಕಿನ್ನ ತಂದು ಕೊರಳಿಗೆ ಕಟ್ಟಿದೇನು?"

"ಆಕಿ ನನ್ನಂಗ ಎದುರು ಮಾತಾಡಂಗಿಲ್ಲ ಬಿಡ್ರಿ. ಅನಿಲ್ ಅನ್ರಿ, ಅನಿಲ್‌ಗೆ ಹೊಕ್ಕೈತಿ."

"ಗಂಡನ ಹೆಸರು ಎಮ್ಮಿ ಕರದಂಗ ಕರೀತಿ. ನಾಲಿಗಿಗೆ ನಾಚಿಕಿಲ್ಲ ನಿನಗ."

ಅಶ್ವಿನಿ ಅದನ್ನು ಆರು ವರ್ಷದಿಂದ ಕೇಳುತ್ತಿದ್ದಳು. "ಮಾವಾರಿಗೂ ಒಮ್ಮೆ ಹಚ್ಚಿ ನೋಡ್ರಿ" ಎಂದಳು. "ನನಗೆಲ್ಲಾ ಗೊತ್ತೈತಿ, ನೀ ನಡಿ" ಎಂದು ಅತ್ತೆ ಮುಖ ತಿರುಗಿಸಿದಳು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದು, ಆಗದ್ದನ್ನು ಆಗದು ಎಂದು ಬಾಯಿಬಿಟ್ಟು ಹೇಳದಿರುವುದು... ಇದಕ್ಕೆ ಹಿರಿತನ ಎನ್ನುತ್ತಾರೆ. ಹಿರಿತನವಲ್ಲ, ಬರೀ ಮೊಂಡುತನ.

ಈಗ ಗುಂಡಿ ಒತ್ತಿದಳು. ಮೊದಲು ಮಗ ಅನಿಲಕುಮಾರನಿಗೆ. ಫೋನು ಬಡಿದು ಬಡಿದು ನಿಂತಿತು. ಆತ ಸಾಲಗುಂದದ ಕಡೆ ಭತ್ತ ಕೊಯ್ಯುವ ಮಷಿನ್ ಮೇಲಿದ್ದ. ಆ ಸದ್ದಿನಲ್ಲಿ ಗುಡುಗಿದರೂ ಕೇಳಿಸದು. ಆಮೇಲೆ ಅಶ್ವಿನಿಗೆ. ಆಶಾ ಕಾರ್ಯಕರ್ತೆಯರ ತರಬೇತಿಗೆಂದು ಸಿಂಧನೂರಿಗೆ ಹೋದವಳ ಫೋನು ಸದ್ದಿಲ್ಲದೆ ಚೀಲದಲ್ಲಿ ಬಿದ್ದಿತ್ತು. ಉಳಿದದ್ದು ಒಂದೇ ದಾರಿ, ಆತನ ಜೇಬಿನ ಫೋನು.

"ನಮ್ಮ ಮನಿಯವರಿಗೆ ಹಚ್ಚವ್ವ."

"ಆ ಹೆಸರು ನಿಮ್ಮ ಪಟ್ಟಿಯಲ್ಲಿ ಇಲ್ಲ. ಹೆಸರು ಹೇಳಿ, ಕರೆ ಮಾಡುತ್ತೇನೆ" ಎಂದಿತು ಫೋನಿನ ಹೆಣ್ಣುದನಿ.

"ಅನಿಲನ ಅಪ್ಪಗ."

"ಅನಿಲ್ ಅವರಿಗೆ ಕರೆ ಮಾಡುತ್ತಿದ್ದೇನೆ." ಮತ್ತೆ ಅದೇ ಬಡಿತ, ಮತ್ತೆ ಮೌನ. ಎಷ್ಟು ಹೊತ್ತು ಹೋಯಿತೋ... ಅಷ್ಟರಲ್ಲಿ ಆತ ಎಷ್ಟು ಹೆಜ್ಜೆ ನಡೆದನೋ...

"ಈ ಮನಿ ಯಜಮಾನಗ ಹಚ್ಚಬೇ."

"ಆ ಹೆಸರು ನಿಮ್ಮ ಪಟ್ಟಿಯಲ್ಲಿ ಇಲ್ಲ."

"ಹೆಣ್ಮಗಳಾಗಿ ಇಷ್ಟೂ ತಿಳಿಯಂಗಿಲ್ಲೇನು ನಿನಗ? ನೀ ಕಟಕೊಂಡಿಲ್ಲೇನು ಯಾರನ್ನರೆ?"

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ."

ವೀರಭದ್ರಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ನಲವತ್ತೆಂಟು ವರ್ಷದಲ್ಲಿ ಒಂದು ಸಲವೂ ಆ ಹೆಸರು ಆಕೆಯ ಬಾಯಿಂದ ಬಂದಿರಲಿಲ್ಲ. ಗುರುಗುಂಟಾದಿಂದ ಹದಿನೇಳರ ಸೊಸೆಯಾಗಿ ಬಂದ ತಿಂಗಳೊಳಗೆ, ಓಟಿನ ಪಟ್ಟಿ ಬರೆಯಲು ಬಂದ ಮಾಸ್ತರರು ಗಂಡನ ಹೆಸರು ಕೇಳಿದಾಗ "ದೊಡ್ಡ..." ಎಂದಿದ್ದಳು, ಅರ್ಧವೇ. ಅವರು ಹೋದದ್ದೇ ತಡ, ಅತ್ತೆ ಪೀರಮ್ಮ ಕೂದಲು ಹಿಡಿದು ಬಗ್ಗಿಸಿ ತುಟಿಗೆ ಕೆಂಪು ಖಾರ ತಿಕ್ಕಿದ್ದಳು. "ನೀ ಒಂದ್ಸಲ ಅಂದ್ರ ನನ್ನ ಮಗನ ಆಯುಷ್ಯ ಒಂದು ವರ್ಷ ಸವೀತೈತಿ. ತಿಂತಿಯೇನು ನನ್ನ ಮಗನ್ನ?" ಗಂಡ ಅಲ್ಲೇ ಕಂಬಕ್ಕೊರಗಿ ನಿಂತಿದ್ದ. ನೋಡುತ್ತಿದ್ದ. ಏನೂ ಅನ್ನಲಿಲ್ಲ. ಖಾರದ ಉರಿ ಎರಡು ದಿನಕ್ಕೆ ಹೋಯಿತು, ಆ ಭಯ ಹೋಗಲೇ ಇಲ್ಲ. ಈಗ ಹೆಸರು ಅಂದರೆ ಆತನ ಆಯುಷ್ಯ ಕರಗುತ್ತದೆ, ಅನ್ನದಿದ್ದರೆ ಕಾಲುವೆ ಈಗಲೇ ನುಂಗುತ್ತದೆ. ಯಾವ ದೇವರನ್ನು ಕೇಳಬೇಕು? ನೀರಿನ ಸದ್ದು ಎದೆಯೊಳಗೇ ಹರಿದಂತಾಯಿತು. ಗುಂಡಿ ಒತ್ತಿ ಹಿಡಿದಳು.

"ದೊಡ್ಡ... ಬಸಪ್ಪ."

"ದೊಡ್ಡಬಸಪ್ಪ ಅವರಿಗೆ ಕರೆ ಮಾಡುತ್ತಿದ್ದೇನೆ."

ಅತ್ತ ಫೋನು ತಾನಾಗಿಯೇ ಎತ್ತಿಕೊಂಡಿತು. ಮೊದಲು ಕೇಳಿಸಿದ್ದು ನೀರು. ಹತ್ತಿರದ, ತುಂಬು ನೀರಿನ ಭೋರ್ಗರೆತ.

"ರೀ... ಎಲ್ಲದೀರಿ? ನಾ ರೀ, ಮನಿಂದ."

"ಯಾರ ನೀವು?"

"ಅನಿಲನ ಅವ್ವ ರೀ. ನಿಮ್ಮ... ನಿಮ್ಮನ್ನ ಕಟಕೊಂಡಾಕಿ."

"ನಂದಿನ್ನಾ ಲಗ್ನ ಆಗಿಲ್ಲ. ಎದಿಯಾಗ ಯಾರೋ ಮಾತಾಡ್ತಾರ..." ಆತನ ದನಿಯಲ್ಲಿ ಹೆದರಿಕೆ. "ನೀರಾಗ ಇಳೀತೀನಿ. ಅಲ್ಲಿ ಕೇಳ್ಸಂಗಿಲ್ಲ."

"ಬ್ಯಾಡ್ರಿ... ಕೈ ಮುಗೀತೀನಿ, ಇಳೀಬ್ಯಾಡ್ರಿ."

ನೀರಿಗೆ ಕಾಲಿಟ್ಟ ಸದ್ದು. ಒಂದು ಮೆಟ್ಟಿಲು... ಇನ್ನೊಂದು. ವೀರಭದ್ರಮ್ಮ ಕರುಳು ಕಿತ್ತು ಬಂದಂತೆ ಕೂಗಿದಳು.

"ಏ ದೊಡ್ಡಬಸಪ್ಪಾ!"

ಸದ್ದು ನಿಂತಿತು. ಆಮೇಲೆ ಅಂಜಿದ ದನಿ ಬಂತು.

"ಅವ್ವಾ?"

ಆ ಮನೆಯಲ್ಲಿ ಆತನನ್ನು ಹೀಗೆ ಏರುದನಿಯಲ್ಲಿ ಹೆಸರು ಹಿಡಿದು ಕರೆದ ಹೆಂಗಸು ಒಬ್ಬಳೇ. ಆಕೆ ಮಣ್ಣಾಗಿ ಮೂವತ್ತು ವರ್ಷವಾಗಿತ್ತು. ವೀರಭದ್ರಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ತುಟಿಗೆ ಖಾರ ತಿಕ್ಕಿದವಳ ದನಿ, ಆ ಗಡಸು, ಮಾತುಮಾತಿಗೆ 'ಲೇ' ಎನ್ನುವ ಆ ಗತ್ತು ಎಲ್ಲವನ್ನೂ ತನ್ನ ಬಾಯಿಗೆ ತಂದುಕೊಂಡಳು.

"ಹೂಂ, ನಾನಽ. ಮ್ಯಾಲ ಬಾ ಲೇ. ಯಾರನ್ನ ಕೇಳಿ ನೀರಿಗೆ ಇಳದಿ?"

"ಹೊಡೀಬ್ಯಾಡವ್ವ, ಬಂದೆ."

"ಮ್ಯಾಲ ಬಂದೆಯೇನು? ಗಿಡ ಐತಿ ಏನಲ್ಲಿ?"

"ಜಾಲಿ ಗಿಡ ಐತಿ."

"ಅದರ ನೆಳ್ಳಾಗ ಕುಂದ್ರು. ನಾ ಬಾ ಅನ್ನೂಮಟ ಎದ್ದಿ ಅಂದ್ರ ನೋಡು."

ಆತ ಕುಳಿತ. ಆಕೆ ಫೋನು ಇಡುವಂತಿರಲಿಲ್ಲ. ದನಿ ತುಂಡಾದರೆ ಆತ ಎದ್ದಾನು. ಸಾಲಿಗೆ ಹೋಗಿದ್ದಿಯೇನು ಎಂದು ಕೇಳಿದಳು, ಎತ್ತಿಗೆ ನೀರು ಕುಡಿಸಿದಿಯೇನು ಎಂದು ಕೇಳಿದಳು. ಆತ ಎಲ್ಲಕ್ಕೂ ಹೂಂ ಎಂದ. ಆಮೇಲೆ ತಾನಾಗಿಯೇ ಒಂದು ಮಾತು ತೆಗೆದ.

"ಅವ್ವಾ, ಆ ಗುರುಗುಂಟಾದ ಹುಡುಗಿ..."

ವೀರಭದ್ರಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. "ಯಾವ ಹುಡುಗಿ?"

"ಆಕಿಗೆ ಖಾರ ಹಚ್ಚಬ್ಯಾಡವ್ವ. ಸಣ್ಣಾಕಿ ಅದಾಳ. ಹಿತ್ತಲಾಗ ಕುಂತು ಅಳ್ತಾಳ. ನಾ ಹೇಳೂಣಂತೀನಿ, ನಿನಗ ಅಂಜಿ ಬಾಯಿ ಬರಂಗಿಲ್ಲ."

ಲಗ್ನವೇ ಆಗಿಲ್ಲ ಎಂದ ಬಾಯಿ ಇದು. ನೆನಪಿನಿಂದ ಹೆಂಡತಿ ಹೋಗಿದ್ದಳು, ಮಗ ಹೋಗಿದ್ದ, ಮನೆ ಹೋಗಿತ್ತು... ಅಂದು ನುಂಗಿದ ಆ ಒಂದು ಮಾತು ಮಾತ್ರ ಆತನೊಳಗೆ ಉಳಿದಿತ್ತು. ಆಕೆ ಸೆರಗು ಬಾಯಿಗೆ ತುರುಕಿ ಅಳು ತಡೆದಳು. ಅತ್ತರೆ ಪೀರಮ್ಮನ ದನಿ ಹೋಗುತ್ತದೆ, ಆತ ಎದ್ದು ನೀರಿಗೆ ನಡೆಯುತ್ತಾನೆ.

"ಆತು. ಇನ್ನ ಹಚ್ಚಂಗಿಲ್ಲ" ಎಂದಳು ಗಡಸಾಗಿ.

ಎಷ್ಟೋ ಹೊತ್ತಿನ ಮೇಲೆ ಬೈಕಿನ ಸದ್ದು ಕೇಳಿತು. ಬಳಗಾನೂರಿನ ಬಸ್‌ಸ್ಟ್ಯಾಂಡಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಹಸನ್‌ಸಾಬ್ ಫೋನಿನೊಳಗೆ ಮಾತಾಡಿದ: "ಅಮ್ಮಾರೆ, ಅಂಜಬ್ಯಾಡ್ರಿ, ಸಿಕ್ಕಾರ. ಅಶ್ವಿನಿ ಫೋನ್ ಮಾಡಿ ಕಾಲುವಿ ಸೇತುವಿ ಹತ್ರ ಅದಾರ ಅಂದ್ಲು. ಆದ್ರ ಏಳವಲ್ರು ಇವರು. ಅವ್ವ ಬಾ ಅನ್ನಬೇಕಂತ."

"ಬಾ ಮಗನ" ಎಂದಳು ವೀರಭದ್ರಮ್ಮ.

ಅಶ್ವಿನಿ ಚಹಾದ ಬಿಡುವಿನಲ್ಲಿ ಅತ್ತೆಯ ಕರೆ ಬಂದದ್ದು ನೋಡಿ, ನಕಾಶೆಯಲ್ಲಿ ಕಾಲುವೆ ಪಕ್ಕದ ಚುಕ್ಕಿ ನೋಡಿ, ಹಸನ್‌ಸಾಬನನ್ನು ಓಡಿಸಿ ತಾನು ಸಿಕ್ಕ ಬಸ್ಸು ಹತ್ತಿದ್ದಳು. ಆಕೆ ಮನೆ ಮುಟ್ಟುವಷ್ಟರಲ್ಲಿ ಹಸನ್‌ಸಾಬ್ ಮಾವನನ್ನು ತಂದು ಬಿಟ್ಟಿದ್ದ. ಒಳಗೆ ಬಂದವಳು ನಡೆದದ್ದೆಲ್ಲ ಕೇಳಿ ಅತ್ತೆಯ ಕಾಲ ಬಳಿ ಕುಳಿತಳು. "ಹೆಸರು ಅನ್ನಾಕ ಬರಂಗಿಲ್ಲ ಅಂತ ಒಂದು ಮಾತು ಅಂದಿದ್ರ ಬ್ಯಾರೆ ಏನರೆ ಬರೀತಿದ್ನಲ್ರಿ..."

"ನಾ ಹೇಳ್ಲಿಲ್ಲ. ನಿನ್ನ ಮುಂದ ಸಣ್ಣಾಕಿ ಆಗ್ತೀನಿ ಅಂತ ಹೇಳ್ಲಿಲ್ಲ" ಎಂದು ವೀರಭದ್ರಮ್ಮ ಸೊಸೆಯ ಮುಖ ತಡವಿದಳು, ತುಟಿಯ ಮೇಲೆ ಬೆರಳುಗಳು ಒಂದು ಗಳಿಗೆ ನಿಂತವು. "ಆರು ವರ್ಷ ನಿನಗ ಬಾಯಿಲೆ ಖಾರ ಹಚ್ಚೀನಿ."

ಹೊರಸಿನ ಮೇಲಿದ್ದ ದೊಡ್ಡಬಸಪ್ಪ ಕೇಳಿದ: "ಅವ್ವಾ, ಈಕಿ ಯಾರು?"

"ನನ್ನ ಮಗಳಪ್ಪ."

ಅಶ್ವಿನಿ ಬಿಕ್ಕಿದಳು. "ಮಾವ, ಅವರು ನಿಮ್ಮ ಅವ್ವ ಅಲ್ರಿ, ನಿಮ್ಮ..."

"ಸುಮ್ನಿರು. ತಿದ್ದಬ್ಯಾಡ." ವೀರಭದ್ರಮ್ಮನ ದನಿ ಸಣ್ಣದಾಯಿತು. "ಹೆಂಡ್ತಿ ಕರದ್ರ ಆತ ನೀರಿಗೆ ಇಳೀತಾನ. ಅವ್ವ ಕರದ್ರ ಮನಿಗೆ ಬರ್ತಾನ. ನನಗ ಆತ ಬಂದ್ರ ಸಾಕು."

"ಹಸಿವ್ಯಾಗೈತವ್ವ" ಎಂದ ಆತ.

ಆಕೆ ಗೋಡೆ ಹಿಡಿದು ಎದ್ದು ರೊಟ್ಟಿಬುಟ್ಟಿ ಹುಡುಕಿ ತಂದು ಕೂತಳು.

"ದೊಡ್ಡಬಸಪ್ಪ, ಕೈ ತೊಳಕೊಂಡು ಬಾ."

ಈ ಸಲ ನಾಲಿಗೆ ನಡುಗಲಿಲ್ಲ. ಆತ ಎದ್ದು ಬಚ್ಚಲಿಗೆ ಹೋದ. ಕೈ ತೊಳೆಯುವ ನೀರಿನ ಸದ್ದು ನಿಲ್ಲುವವರೆಗೂ ಆಕೆ ಕಿವಿಗೊಟ್ಟು ಕೂತಿದ್ದಳು.