ಅಕ್ಕನ ಪುಟ

ಆ ಕೈಗಳನ್ನು ನಾನೇ ಬೇರೆ ಮಾಡಿಬಿಟ್ಟೆನೇ? ಕಂಪ್ಯೂಟರಿನಲ್ಲಿ ಫೋಟೋದ ಮಡಿಕೆ ಗೆರೆಯೊಂದನ್ನಷ್ಟೇ ಅಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅದರಲ್ಲಿ ಅಕ್ಕನೂ ನಾನೂ ಕೈ ಹಿಡಿದು ನಿಂತಿದ್ದೆವು. ಚಿಕ್ಕಂದಿನಲ್ಲಿ ಆ ಫೋಟೋ ತೆಗೆಸಿಕೊಂಡ ಸಂಜೆಯೇ ಅವಳು ಕೆರೆಯಲ್ಲಿ ಮುಳುಗಿದಳು. ಆಗ ನಾನು ಅಲ್ಲಿರಲೇ ಇಲ್ಲವೆಂದು ಅಮ್ಮ ನಂಬಿದ್ದಳು.

ಅಮ್ಮನ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಕಾಣದಾಗುವ ಮೊದಲು ಅಕ್ಕನದೊಂದು ಆಲ್ಬಮ್ ಆಗಬೇಕು ಎಂದಿದ್ದಳು. ಅವಳು ಮೇಜಿನ ಮೇಲೆ ಅಕ್ಕನ ರಿಬ್ಬನ್, ಶಾಲೆಯ ಬ್ಯಾಡ್ಜು, ಗೋಂದು ಹರಡಿಕೊಂಡು ಕೂರುತ್ತಿದ್ದಳು. ನಾನು ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ತಿದ್ದಿ, ದೊಡ್ಡದಾಗಿ ಪ್ರಿಂಟ್ ತೆಗೆದುಕೊಡುತ್ತಿದ್ದೆ.

ಪರದೆಯ ಮೇಲೆ ಕೈಗಳು ಕೂಡಿಯೇ ಇದ್ದವು. ಪ್ರಿಂಟಿನಲ್ಲಿ ಮಾತ್ರ ನಡುವೆ ಬೆರಳಗಲದ ಸಂದು. ಇನ್ನೊಮ್ಮೆ ತೆಗೆದೆ, ಸಂದು ಎರಡು ಬೆರಳಾಯಿತು. ಮೂರನೆಯ ಕಾಗದ ತಣ್ಣಗೆ ಹೊರಬಂತು, ಪಾಚಿಯ ವಾಸನೆ ಹೊತ್ತು. ಹೊರಗೆ ಸುಡುವ ಬಿಸಿಲಿತ್ತು.

"ಎಷ್ಟು ಹೊತ್ತೋ? ಇನ್ನು ಸ್ವಲ್ಪ ಹೊತ್ತಾದ್ರೆ ನಾನೇ ಆಲ್ಬಮ್ಮಿಗೆ ಅಂಟ್ಕೊಂಡ್‌ಬಿಡ್ತೀನಿ," ಎಂದು ಅಮ್ಮ ನಗುತ್ತಾ ಕಾಗದ ಎಳೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು. ನಗು ನಿಂತಿತು.

"ಅವಳು ಕೈ ಚಾಚಿದಾಳಲ್ಲೋ. ನಿನ್ನ ಕೈ ಬೆನ್ನ ಹಿಂದಿದೆ."

"ಕಂಪ್ಯೂಟರಿನ ಎಡವಟ್ಟು ಕಣಮ್ಮ. ಸರಿ ಮಾಡ್ತೀನಿ."

"ಬೇಡ, ಇರಲಿ ಬಿಡು."

ಅಂಟಿಸಿದ ಮೇಲೆ ಅವಳು ನನ್ನತ್ತ ನೋಡಲಿಲ್ಲ.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಆ ಪುಟ ಇನ್ನೂ ಒಣಗಿಲ್ಲ. ಕೆರೆಯ ಮೆಟ್ಟಿಲಲ್ಲಿ ಅಕ್ಕ ಕೈ ಚಾಚಿದಾಗ ನಾನು ಹೆದರಿ ಕೈ ಹಿಂದಕ್ಕೆ ಎಳೆದುಕೊಂಡಿದ್ದೆ. ಅದನ್ನು ಅಮ್ಮನಿಗೆ ನಾನು ಹೇಳಲೇ ಇಲ್ಲ.