ಎರಡು ಹೊಡೆತಗಳ ನಡುವೆ

"ನಿಲ್ಲಿಸಿ!"

ಸ್ಟುಡಿಯೊದ ಗಾಜಿನ ಆಚೆ ಕೈ ಬೀಸಿಕೊಂಡು ಹಾಡುತ್ತ ಕುಣಿಯುತ್ತಿದ್ದವನು ಅರ್ಧಕ್ಕೇ ನಿಂತ. ಕುತ್ತಿಗೆಯ ಹಿತ್ತಾಳೆ ಸರ ಮಾತ್ರ ಇನ್ನೂ ಅಲುಗಾಡುತ್ತಿತ್ತು.

"ಏನಾಯ್ತು ಮೇಡಂ?"

"ಆ ಸರ ಬಿಚ್ಚಿಡಿ. ಮೈಕಿಗೆ ಬಡೀತಿದೆ."

"ಅದು ನನ್ನ ಸ್ಟೈಲು."

"ನಿಮ್ಮ ಸ್ಟೈಲು ಎಮ್ಮೆ ಕೊರಳ ಗಂಟೆ ಥರ ಕೇಳಿಸ್ತಿದೆ."

ಅವನ ಮುಖ ಕೆಂಪಾಯಿತು. ಅವಳಿಗೆ ಅಷ್ಟೇ ಸಾಕಾಗಿತ್ತು.

ಆ ವಾರ ಬಂದ ಐದನೆಯ ರ‍್ಯಾಪ್ ಹಾಡುಗಾರ ಅವನು. ಐವರ ಹಾಡೂ ಒಂದೇ... ಬಂದೂಕು, ಗ್ಯಾಂಗು, ದೊಡ್ಡ ಕಾರು, ಬೀದಿ! ಹಾಲಿನ ಪ್ಯಾಕೆಟ್ ತರಲು ಮಾತ್ರ ಬೀದಿಗೆ ಇಳಿದವನೂ ತನ್ನನ್ನು ಬೀದಿಯ ಹುಲಿ ಎಂದುಕೊಳ್ಳುತ್ತಿದ್ದ. ಎಲ್ಲೋ ಸಮುದ್ರದಾಚೆಯ ಓಣಿಗಳಲ್ಲಿ ಯಾರೋ ತಮ್ಮ ಹೊಟ್ಟೆಯ ಉರಿಗೆ ಹಿಪ್ ಹಾಪ್ ಹುಟ್ಟಿಸಿದ್ದರು. ಇವರು ಆ ಉರಿಯನ್ನು ಬಿಟ್ಟು ಟೋಪಿ, ಸರ, ಮೂಗಿನಿಂದ ಬರುವ ಉಚ್ಚಾರಣೆಯನ್ನಷ್ಟೇ ಎತ್ತಿಕೊಂಡು ಬಂದಿದ್ದರು.

"ಹೆಸರು ಏನಂತ ಬರ್ಕೊಳ್ಲಿ?" ಎಂದಳು.

"ಡೇಂಜರ್."

"ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರ್ತಾರಲ್ಲ, ಅದಾ?"

ಅವನು ಟೋಪಿಯನ್ನು ಹಣೆಗೆ ಎಳೆದುಕೊಂಡ.

"ಸರಿ ಡೇಂಜರ್ ಅವರೇ, ಬಂದೂಕು ಯಾವತ್ತಾದ್ರೂ ಕೈಯಲ್ಲಿ ಹಿಡಿದಿದ್ದೀರಾ?"

"...ಇಲ್ಲ."

"ಹೊಟ್ಟೆಪಾಡಿಗೆ ಏನು ಮಾಡ್ತೀರಾ?"

"ಮಗ್ಗದ ಶೆಡ್‌ನಲ್ಲಿ ಫಿಟ್ಟರ್. ಕೆಟ್ಟ ಮಗ್ಗ ರಿಪೇರಿ ಮಾಡ್ತೀನಿ."

"ಹಾಗಾದ್ರೆ ಮಗ್ಗ ಬಿಟ್ಟು ಬಂದೂಕು ಯಾಕೆ ಹಿಡ್ಕೊಂಡ್ರಿ? ಅದೂ ಬರೀ ಬಾಯಲ್ಲಿ?"

ಅವನು ಹೆಡ್‌ಫೋನ್ ತೆಗೆದಿಟ್ಟು ಹೊರಬಂದ. ಬಾಗಿಲ ಬಳಿ ನಿಂತು ಅವಳ ಕಣ್ಣನ್ನೇ ನೋಡಿದ.

"ನಿಮ್ಮ ಬಾಯಿ ಒಳ್ಳೆಯದಲ್ಲ ಮೇಡಂ. ಆದ್ರೆ ನೀವು ಕೇಳಿದ್ದು ಸರಿಯಾಗಿದೆ."

ಬೈಯುತ್ತಾನೆಂದು ಕಾದಿದ್ದವಳು ಪೆಚ್ಚಾದಳು. ಛೆ... ಇಷ್ಟು ಚೂಪಾಗಿ ಯಾಕೆ ಮಾತಾಡಿದೆ? ಆಡಿದ್ದರಲ್ಲಿ ತಪ್ಪೇನಿದೆ? ಎರಡು ಪ್ರಶ್ನೆಯೂ ಆ ದಿನವೆಲ್ಲ ಅವಳ ಹಿಂದೆಯೇ ಸುತ್ತಿದವು.

* * *

ಸ್ಟುಡಿಯೊ ಅವಳ ಅಕ್ಕನ ಗಂಡನದು. ಮೋಟಾರಿಗೆ ತಂತಿ ಸುತ್ತುವ ಅಂಗಡಿಯ ಮೇಲಿನ ಎರಡು ಕೋಣೆ, ಸದ್ದು ತಡೆಯಲು ಗೋಡೆಗೆ ಹೊಡೆದ ಹಳೆಯ ಹಾಸಿಗೆಗಳು. ಕೂದಲೆಣ್ಣೆ, ನೀರಿನ ಪಂಪು, ಸೀರೆ ಅಂಗಡಿಗಳ ಜಾಹೀರಾತೇ ಅಲ್ಲಿನ ಅನ್ನ. ಆರು ವರ್ಷದಿಂದ ಅವಳು ಅಲ್ಲಿ ಕುಳಿತು ಬೇರೆಯವರ ದನಿಯಿಂದ ಕೆಮ್ಮು, ಎಂಜಲು, ಉಸಿರು ಕತ್ತರಿಸುತ್ತಿದ್ದಳು. ಬರುವವರೆಲ್ಲ ಅವಳನ್ನು 'ಕತ್ತರಿ' ಎನ್ನುತ್ತಿದ್ದರು. ಕೆಲಸಕ್ಕೆ ಅರ್ಧ, ನಾಲಿಗೆಗೆ ಅರ್ಧ.

ಈ ಸಲ ಅವಳಿಗೂ ಒಂದು ಆಸೆಯಿತ್ತು. ರೇಡಿಯೊದವರು ಹೊಸಬರಿಂದ ಹಾಡು ಆಹ್ವಾನಿಸಿದ್ದರು; ಆ ಐವರು ಬಂದದ್ದೂ ಅದಕ್ಕೇ. ಶುಕ್ರವಾರ ಸಂಜೆ ಐದರೊಳಗೆ ಕಳಿಸಬೇಕು. ಆರಿಸಿದ ಹಾಡಿನ ಜೊತೆ ಮುದ್ರಿಸಿದವರ ಹೆಸರನ್ನೂ ಹೇಳುತ್ತಾರಂತೆ. ಕೂದಲೆಣ್ಣೆಯ ಜಾಹೀರಾತಿನ ಕೊನೆಗೆ ಯಾರೂ ಅವಳ ಹೆಸರು ಹೇಳಿರಲಿಲ್ಲ.

ಎಂಟು ದಿನ ಬಿಟ್ಟು ಅವನು ಬಂದ. ಕುತ್ತಿಗೆ ಖಾಲಿ. ತೋಳಿನ ಮೇಲೆ ಹತ್ತಿಯ ಧೂಳು.

"ಬಂದೂಕು?" ಎಂದಳು.

"ಮಾರ್ಬಿಟ್ಟೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿದ. ಈ ಸಲ ಮೂಗಿನಿಂದಲ್ಲ, ಎದೆಯಿಂದ ಬಂತು.

"ನೂಲು ಹರೀತು, ಗಂಟು ಹಾಕು...
ನಿದ್ದೆ ಹರೀತು, ಗಂಟು ಹಾಕು...
ಬಾಯಿ ಬಿಟ್ರೆ ಹತ್ತಿ ಧೂಳು...
ಮಾತು ಹರೀತು, ಗಂಟು ಹಾಕು!"

ಅವಳ ತೋಳಿನ ರೋಮ ಎದ್ದು ನಿಂತವು. ಇವನೊಳಗೆ ಇದಿತ್ತಾ? ಇದನ್ನು ಬಿಟ್ಟು ಬುಲೆಟ್ಟು ಬುಲೆಟ್ಟು ಅಂತ ಅರಚ್ತಿದ್ನಲ್ಲ, ಕತ್ತೆ!

ಒಂದೇ ಒಂದು ತೊಂದರೆ ಇತ್ತು. ಅವನ ಒಂದು ಮಾತೂ ತಾಳದ ಹೊಡೆತದ ಮೇಲೆ ಬೀಳುತ್ತಿರಲಿಲ್ಲ. ಎಲ್ಲವೂ ಹೊಡೆತ ಮುಗಿದ ಮೇಲೆ ಬೀಳುತ್ತಿದ್ದವು.

"ನೀವು ಹೋಗಿ. ಉಳಿದಿದ್ದು ನನಗೆ ಬಿಡಿ," ಎಂದಳು. ಆ ಮಾತು ಎಷ್ಟು ಮೆತ್ತಗೆ ಬಂತೆಂದರೆ ಅವಳೇ ಗಾಬರಿಯಾದಳು.

ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಒಂದೊಂದೇ ಮಾತನ್ನು ಕತ್ತರಿಸಿ ಎಳೆದು ಹೊಡೆತದ ಮೇಲೆ ಕೂರಿಸಿದಳು. ಮುನ್ನೂರಕ್ಕೂ ಹೆಚ್ಚು ಮಾತು. ಬೇರೆ ಯಾರಿಗೂ ಇಷ್ಟು ಮಾಡಿದವಳಲ್ಲ.

ಭಾವ ಬಾಗಿಲಲ್ಲಿ ನಿಂತು ನೋಡಿದ. "ಏನಮ್ಮಾ, ಆ ತಾಳಗೇಡಿಗೆ ಇಷ್ಟೊಂದು ಸೇವೆ? ನನ್ನ ಪಂಪಿನ ಜಾಹೀರಾತು ಕೊಳೀತಾ ಬಿದ್ದಿದೆ."

"ಬಿದ್ದಿರ್ಲಿ ಬಿಡಿ ಭಾವ. ನಿಮ್ಮ ಪಂಪಲ್ಲಿ ನೀರೂ ಬರಲ್ಲ, ಜಾಹೀರಾತಲ್ಲಿ ನಿಜಾನೂ ಬರಲ್ಲ."

"ನಾಲಿಗೆ ನೋಡು! ನಿಮ್ಮಕ್ಕನಿಗೆ ಸ್ವಲ್ಪ ಕೊಟ್ಟು ಉಳಿದಿದ್ದನ್ನೆಲ್ಲ ದೇವರು ನಿನಗೇ ಕೊಟ್ಟ." ಅವನು ಗೊಣಗುತ್ತ ಹೋದ.

ಕೆಲಸ ಮುಗಿದ ಕೂಡಲೇ ಹಳೆಯದನ್ನು ಅಳಿಸಬೇಕು. ಭಾವನ ಕಂಪ್ಯೂಟರಿನಲ್ಲಿ ಜಾಗ ಸಾಲದು, ಆರು ವರ್ಷದ ನಿಯಮ ಅದು. ಅವಳು ಯೋಚಿಸದೆ ಅವನ ಮೊದಲ ಮುದ್ರಣ ಅಳಿಸಿದಳು.

* * *

ಬುಧವಾರ ಅವನು ಬಂದು ತಿದ್ದಿದ ಹಾಡು ಕೇಳಿದ. ಹಾಡು ಮುಗಿಯುವ ಮೊದಲೇ ಹೆಡ್‌ಫೋನ್ ಕೆಳಗಿಟ್ಟ.

"ಇದು ಯಾರು?"

"ನೀವೇ!"

"ನಾನಲ್ಲ. ಬಂದೂಕಿನ ಹಾಡು ಹಾಡೋರಲ್ಲಿ ಯಾರೋ ಒಬ್ಬ. ನಾನು ಹಾಡಿದ್ದು ಎಲ್ಲಿ?"

"ತಾಳ ತಪ್ಪಿತ್ತು. ಸರಿ ಮಾಡಿದೆ."

"ಯಾರು ಹೇಳಿದ್ರು ತಪ್ಪಿತ್ತು ಅಂತ?"

"ಆರು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಕಿವಿ ಇದೆ ನನಗೆ."

"ನನಗೂ ಇದೆ. ಹಳೇದು ಹಾಕಿ."

"ಅಳಿಸಿಬಿಟ್ಟೆ."

ಅವನು ನಕ್ಕ. ಆ ನಗು ನೋಡುವುದಕ್ಕಿಂತ ಎರಡು ಏಟು ತಿನ್ನುವುದು ಮೇಲಾಗಿತ್ತು.

"ಅವತ್ತು ನನ್ನ ಸರ ನೋಡಿ ನಕ್ಕಿರಿ. ಸರಿ, ಅದು ನಕಲಿ. ಇದು ನಂದು ಮೇಡಂ! ಇದನ್ನೂ ರಿಪೇರಿ ಮಾಡಿದ್ರಲ್ಲ... ಶೆಡ್ಡಿನವನಿಗೆ ಏನು ಗೊತ್ತಿರುತ್ತೆ, ಅಲ್ವಾ?"

"ನಾನು ಹಾಗಂದ್ಕೊಂಡಿಲ್ಲ! ಎರಡು ದಿನ ಕೂತು..."

"ರೇಡಿಯೊಗೆ ಕಳಿಸ್ಬೇಡಿ. ನನ್ನ ಹೆಸರು ಹಾಕಿ ಅದನ್ನ ಎಲ್ಲೂ ಕಳಿಸ್ಬೇಡಿ."

ಮೆಟ್ಟಿಲ ಮೇಲೆ ಅವನ ಹೆಜ್ಜೆ ಸದ್ದು ಇಳಿದು ಹೋಯಿತು.

ಹೋಗಲಿ! ದುರಹಂಕಾರಿ... ಕೃತಘ್ನ... ತಾಳಗೇಡಿ! ಬೈಗುಳವೆಲ್ಲ ಮುಗಿದ ಮೇಲೆ ಅವಳು ತಾನು ತಿದ್ದಿದ ಹಾಡನ್ನು ಇನ್ನೊಮ್ಮೆ ಕೇಳಿದಳು. ಎಲ್ಲವೂ ಸರಿಯಾಗಿತ್ತು. ರೋಮ ಮಾತ್ರ ಏಳಲಿಲ್ಲ.

ಅವಳು ಹತ್ತು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

* * *

ಗುರುವಾರ ಮಧ್ಯಾಹ್ನ ಅವಳು ಶೆಡ್ ಹುಡುಕಿಕೊಂಡು ಹೋದಳು. ತಗಡಿನ ಮಾಡು, ಎರಡು ಸಾಲಿನಲ್ಲಿ ಎಂಟು ಹಳೆಯ ಮಗ್ಗ. ಬಾಗಿಲು ದೂಡಿದೊಡನೆ ಸದ್ದು ಅವಳ ಎದೆಗೆ ಗುದ್ದಿತು. ಗಾಳಿಯ ತುಂಬ ಬಿಳಿ ಧೂಳು. ಬಂದೂಕಿನ ಹಾಡು ಹಾಡುವ ಒಬ್ಬನನ್ನಾದರೂ ಇಲ್ಲಿ ಒಂದು ತಾಸು ನಿಲ್ಲಿಸಬೇಕು, ಅಮ್ಮಾ ಎಂದು ಓಡುತ್ತಾನೆ!

ಮೊದಲ ಮಗ್ಗದ ಹೆಂಗಸಿಗೆ ಐವತ್ತೈದು ದಾಟಿತ್ತು. ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಕತ್ತರಿ ಅವಳತ್ತ ಬಾಯಿ ತೆರೆದು ಕಿರುಚಿದಳು.

"ಫಿಟ್ಟರ್ ಎಲ್ಲಿ?"

ಮಗ್ಗ ಧಡ್ ಎಂದಿತು. ಮಾತು ಅದರಡಿ ಸಿಕ್ಕು ಸತ್ತಿತು. ಇನ್ನೊಮ್ಮೆ ಕಿರುಚಿದಳು. ಧಡ್! ಅದೂ ಸತ್ತಿತು. ದೊಡ್ಡಕ್ಕ ಅವಳ ಭುಜ ಹಿಡಿದು ಮಗ್ಗದ ಹತ್ತಿರ ನಿಲ್ಲಿಸಿಕೊಂಡಳು.

ಧಡ್. "ಮಗಾ!" ಧಡ್. "ಹೊಡೆದ್ಮೇಲೆ!" ಧಡ್. "ಮಾತಾಡು!" ಧಡ್. "ಮೊದಲಲ್ಲ!"

ಅವಳು ಹಾಗೇ ನಿಂತುಬಿಟ್ಟಳು.

ದೂರದ ಮಗ್ಗಗಳದ್ದು ಬರೀ ಮೊರೆತ. ಮಾತನ್ನು ಕೊಲ್ಲುತ್ತಿದ್ದುದು ಕೈಯೆದುರಿನ ಮಗ್ಗದ ಹೊಡೆತ. ಅದರ ಮೇಲೆ ಬಿದ್ದ ಮಾತು ಯಾರ ಕಿವಿಗೂ ಹೋಗುವುದಿಲ್ಲ. ಹೊಡೆತ ಮುಗಿದು ಮುಂದಿನದು ಬರುವುದರೊಳಗೆ ಸಿಗುವ ಚೂರು ಜಾಗದಲ್ಲೇ ಇಲ್ಲಿ ಜನ ಬೈಯುತ್ತಿದ್ದರು, ನಗುತ್ತಿದ್ದರು, ನೀರು ಕೇಳುತ್ತಿದ್ದರು. ಅವನು ವರ್ಷಗಟ್ಟಲೆ ಮಾತಾಡಿದ್ದೇ ಹೀಗೆ! ಅವನ ತಾಳ ತಪ್ಪಿರಲಿಲ್ಲ. ಯಾವುದೋ ದೂರದ ಓಣಿಯ ಹಾಡು ಈ ಶೆಡ್ಡಿಗೆ ಬಂದು ಇಲ್ಲಿನ ನಾಲಿಗೆ ಕಲಿತಿತ್ತು. ತಾನು ಅದನ್ನು ಮುನ್ನೂರು ಕಡೆ ಕತ್ತರಿಸಿ ಮತ್ತೆ ಬೇರೆಯವರ ಹಾಡು ಮಾಡಿದ್ದಳು.

ಆರು ವರ್ಷದ ಕಿವಿಯಂತೆ... ಥೂ!

ಶೆಡ್ಡಿನ ನಡುವೆ ಅವನು ಒಂದು ಮಗ್ಗದ ಕೆಳಗೆ ಬಾಗಿ ಬೋಲ್ಟು ಬಿಗಿಯುತ್ತಿದ್ದ. ಬೆನ್ನು ಈ ಕಡೆಗಿತ್ತು. ಮುಖ ಅರ್ಧ ಹೊರಳಿಸಿ ಮುಂಗೈಯಿಂದ ಹಣೆ ಒರೆಸಿಕೊಂಡ. ಧೂಳೆಲ್ಲ ಹುಬ್ಬಿಗೆ ಮೆತ್ತಿತು. ಅಷ್ಟಕ್ಕೇ ಅವಳ ಕಣ್ಣು ತುಂಬಿತು. ಈ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ ಎಂದುಕೊಂಡು ಗೊಣಗಿದಳು.

"ಈ ಕತ್ತೇನ ಪ್ರೀತಿಸ್ತಿದ್ದೀನಲ್ಲ... ನನ್ನ ಬುದ್ಧಿಗಿಷ್ಟು!"

ದೊಡ್ಡಕ್ಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಎದುರು ಸಾಲಿನ ಇಬ್ಬರೂ ನಕ್ಕರು. ಕೊನೆಯ ಮಗ್ಗದವನು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಇಡೀ ಶೆಡ್ಡೇ ಅವಳ ಕಡೆ ತಿರುಗಿತು.

ದೊಡ್ಡಕ್ಕ ತನ್ನ ಕಣ್ಣು ಮುಟ್ಟಿ, ಅವಳ ತುಟಿ ಮುಟ್ಟಿ ತೋರಿಸಿದಳು. ಧಡ್. "ಇಲ್ಲಿ!" ಧಡ್. "ಕಣ್ಣಲ್ಲೇ!" ಧಡ್. "ಕೇಳೋದು!"

ಅಯ್ಯೋ! ಇವರೆಲ್ಲ ತುಟಿ ಓದುತ್ತಾರೆ!

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಶೆಡ್ಡಿನಲ್ಲಿ ಅದನ್ನು ನೋಡದೆ ಉಳಿದವನು ಒಬ್ಬನೇ, ಬೆನ್ನು ಹಾಕಿದ್ದವನು. ದೊಡ್ಡಕ್ಕ ನೂಲು ಸುತ್ತುವ ಖಾಲಿ ಕಂಡಿಕೆಯೊಂದನ್ನು ಗುರಿಯಿಟ್ಟು ಅವನ ಬೆನ್ನಿಗೆ ಎಸೆದಳು. ಅವನು ತಿರುಗಿದ. ಎಂಟು ಮಂದಿ ಒಟ್ಟಿಗೆ ಅವಳ ಮಾತನ್ನು ಬರೀ ತುಟಿಯಲ್ಲಿ ಅವನಿಗೆ ಹೇಳಿದರು. ಕತ್ತೆಯನ್ನೂ ಸೇರಿಸಿ.

ಅವನ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಕಾಲ ಮೇಲೆ ಬಿತ್ತು. ಡೇಂಜರ್ ಒಂದೇ ಕಾಲಲ್ಲಿ ಕುಂಟುತ್ತ ಬಂದ.

* * *

ಇಬ್ಬರೂ ಶೆಡ್ಡಿನ ಹಿಂದಿನ ಕಟ್ಟೆಯ ಮೇಲೆ ಕುಳಿತರು.

"ತಪ್ಪು ನಂದು," ಎಂದಳು. "ಕೇಳದೆ ತಿದ್ದಿದೆ. ಕೇಳದೆ ಅಳಿಸಿದೆ. ನಾಳೆ ಐದರವರೆಗೆ ಟೈಮಿದೆ. ಇನ್ನೊಂದ್ಸಲ ಹಾಡಿ. ಈ ಸಲ ನಿಮ್ಮ ಒಂದು ಮಾತನ್ನೂ ಕದಲಿಸಲ್ಲ."

"ರೇಡಿಯೊದವರೂ ತಾಳ ತಪ್ಪಿದೆ ಅಂದ್ರೆ?"

"ಅಂದ್ಕೊಳ್ಲಿ. ಅವರನ್ನ ಕರ್ಕೊಂಡು ಬಂದು ದೊಡ್ಡಕ್ಕನ ಮಗ್ಗದ ಪಕ್ಕ ನಿಲ್ಲಿಸ್ತೀನಿ."

ಅವನು ನಕ್ಕ. ಬುಧವಾರದ ನಗುವಲ್ಲ.

"ಒಳಗೆ ಏನೋ ಹೇಳಿದ್ರಂತೆ? ನಾನೊಬ್ಬನೇ ನೋಡ್ಲಿಲ್ಲ."

"ಎಂಟು ಜನ ಹೇಳಿದ್ರಲ್ಲ, ಸಾಲದಾ?"

"ಅವರಲ್ಲಿ ಆರು ಜನಕ್ಕೆ ಮೀಸೆ ಇದೆ. ಅವರ ಬಾಯಲ್ಲಿ ಅದು ಚೆನ್ನಾಗಿರ್ಲಿಲ್ಲ."

ಅವಳು ತುಟಿ ಕಚ್ಚಿ ನಗು ತಡೆದಳು. ನೆಲ ನೋಡಿದಳು. ಮತ್ತೆ ಅವನನ್ನು ನೋಡಿದಳು. ಹುಬ್ಬಿನ ತುಂಬ ಧೂಳು.

"ನೀನಂದ್ರೆ ಇಷ್ಟ," ಎಂದಳು. "ಯಾಕೆ ಅಂತ ಕೇಳ್ಬೇಡ, ನನಗೇ ನಾಚಿಕೆಯಾಗ್ತಿದೆ."

"ನನಗೆ ಮೊದಲನೇ ದಿನಾನೇ ಇಷ್ಟ ಆಯ್ತು. ಎಮ್ಮೆ ಗಂಟೆ ಅಂದೆಯಲ್ಲ, ಆಗ."

"ಅಷ್ಟು ಬೈದ್ರೂನಾ?"

"ಆವರೆಗೆ ನನ್ನ ಹಾಡನ್ನ ಯಾರೂ ಅಷ್ಟು ಗಮನ ಕೊಟ್ಟು ಕೇಳಿರ್ಲಿಲ್ಲ."

ಅವಳ ಕಣ್ಣು ಮತ್ತೆ ತುಂಬಿತು. ಅವನು ಒರೆಸಲು ಕೈ ಎತ್ತಿದ, ಬೆರಳಿನ ತುಂಬ ಗ್ರೀಸು ಕಂಡು ಹಿಂದಕ್ಕೆ ತೆಗೆದುಕೊಂಡ.

ಅವಳೇ ಆ ಕೈಯನ್ನು ಹಿಡಿದುಕೊಂಡಳು.

"ಕಪ್ಪಾಗುತ್ತೆ ಕಣೇ..."

"ಆಗ್ಲಿ ಬಿಡು. ನಿಂಗೇನು ನಷ್ಟ?"